ಯಾವ ದೇಶದ ಕಾನೂನು ಅನ್ವಯಿಸಬೇಕು? ಯುರೋಪಿನ ಜಡ್ಜ್‌ಗಳು ಕಲಿಯುತ್ತಿರುವ ಪಾಠ

ಇಟಲಿಯಲ್ಲಿ 12ನೇ ಶತಮಾನದಲ್ಲಿ ಆಲ್ಡ್ರಿಕಸ್ ಎಂಬ ಕಾನೂನು ಮೇಷ್ಟ್ರ ಮುಂದೆ ಒಂದು ಪ್ರಶ್ನೆ ಬಂತು. ಬೇರೆ ಬೇರೆ ಕಟ್ಟಳೆಯ ಎರಡು ಸೀಮೆಯವರು ಒಬ್ಬನೇ ನ್ಯಾಯಾಧೀಶನ ಎದುರು ನಿಂತರೆ, ಅವನು ಯಾರ ಕಟ್ಟಳೆ ಹಿಡಿಯಬೇಕು? ಒಳ್ಳೆಯದೂ ಉಪಯುಕ್ತವೂ ಅನ್ನಿಸಿದ್ದನ್ನು ಹಿಡಿಯಲಿ ಅಂದರು ಮೇಷ್ಟ್ರು. ಕೇಳೋಕೆ ಚೆನ್ನಾಗಿದೆ, ಆದರೆ ತೀರ್ಪು ಬರೆಯುವವನಿಗೆ ಇದರಿಂದ ಏನು ಸಿಕ್ಕಿತು?

ಒಂದಕ್ಕಿಂತ ಹೆಚ್ಚು ದೇಶಕ್ಕೆ ತಾಗುವ ಖಾಸಗಿ ವ್ಯಾಜ್ಯಕ್ಕೆ ಯಾವ ದೇಶದ ಕಾನೂನು ಅನ್ನುವುದನ್ನು ಹೇಳುವ ‘ಖಾಸಗಿ ಅಂತರರಾಷ್ಟ್ರೀಯ ಕಾನೂನು’ ಶುರುವಾದದ್ದು ಹೀಗೆ. ಮುಂದೆಯೂ ಅದನ್ನು ಬೆಳೆಸಿದವರಲ್ಲಿ ಪಾಠ ಹೇಳುವವರೇ ಜಾಸ್ತಿ. 14ನೇ ಶತಮಾನದಲ್ಲಿ ಬಾರ್ತೊಲೊ, 17ರಲ್ಲಿ ಡಚ್ಚರ ಹೂಬರ್, 1849ರಲ್ಲಿ ಜರ್ಮನಿಯ ಸಾವಿನ್ಯಿ. 1893ರಲ್ಲಿ ಈ ವಿಷಯ ಮಾತಾಡಲು ದೇಶಗಳನ್ನು ಮೊದಲ ಬಾರಿ ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ ಕೂರಿಸಿದ ತೋಬಿಯಾಸ್ ಆಸ್ಸರ್ ಕೂಡ ಪ್ರೊಫೆಸರ್ ಆಗಿದ್ದವರೇ. 1911ರಲ್ಲಿ ಅವರಿಗೆ ಶಾಂತಿ ನೊಬೆಲ್ ಬಂತು. 1923ರಲ್ಲಿ ಅದೇ ಊರಿನಲ್ಲಿ ಕಾರ್ನೆಗಿ ಸಂಸ್ಥೆಯ ಹಣದ ನೆರವಿನಿಂದ ಅಂತರರಾಷ್ಟ್ರೀಯ ಕಾನೂನು ಕಲಿಸುವ ಅಕಾಡೆಮಿಯೊಂದು ಶುರುವಾಯಿತು. ಬೇಸಿಗೆ ಬಂದರೆ ಇಂದಿಗೂ ಅಲ್ಲಿ ನಾನಾ ದೇಶದ ವಿದ್ಯಾರ್ಥಿಗಳಿರುತ್ತಾರೆ. ಸಣ್ಣ ಊರಿನ ಜಡ್ಜ್‌ಗೆ ಮಾತ್ರ ಆಗೆಲ್ಲ ಇದು ಯಾವಾಗಲೋ ಒಮ್ಮೆ ಎದುರಾಗುವ ತಲೆನೋವಾಗಿತ್ತು, ಅಷ್ಟೆ.

ಯಾವ ದೇಶದ ಕೋರ್ಟಿಗೆ ಹೋಗಬೇಕು, ಒಂದು ದೇಶದ ತೀರ್ಪು ಇನ್ನೊಂದರಲ್ಲಿ ಹೇಗೆ ಜಾರಿಯಾಗಬೇಕು ಅನ್ನುವುದಕ್ಕೆ ಯುರೋಪಿನ ದೇಶಗಳು ಮಾಡಿಕೊಂಡ 1968ರ ಬ್ರಸೆಲ್ಸ್ ಒಪ್ಪಂದ ಈ ನೆಮ್ಮದಿ ಕೆಡಿಸತೊಡಗಿತು. 1999ರಲ್ಲಿ ಆಮ್‌ಸ್ಟರ್‌ಡಾಮ್ ಒಪ್ಪಂದ ಜಾರಿಯಾದ ಮೇಲಂತೂ ಈ ವಿಷಯದಲ್ಲಿ ಕಾನೂನು ಮಾಡುವ ಅಧಿಕಾರ ಯುರೋಪ್ ಒಕ್ಕೂಟಕ್ಕೇ ಸಿಕ್ಕಿತು. ಯಾವ ಕೋರ್ಟಿಗೆ ಹೋಗಬೇಕು ಅನ್ನುವುದಕ್ಕೆ 2000ದಲ್ಲಿ, ಅಪಘಾತದಂಥ ಹಾನಿಗೆ 2007ರಲ್ಲಿ, ಕರಾರಿಗೆ 2008ರಲ್ಲಿ, ತೀರಿಕೊಂಡವರ ಆಸ್ತಿಯ ಉತ್ತರಾಧಿಕಾರಕ್ಕೆ 2012ರಲ್ಲಿ ಒಂದೊಂದು ನಿಯಮಾವಳಿ ಬಂತು. ಇವು ಜಡ್ಜ್‌ಗಳನ್ನು ನೇರವಾಗಿ ಕಟ್ಟಿಹಾಕುತ್ತವೆ. ಮ್ಯೂನಿಕ್‌ನಲ್ಲೇ ನೆಲೆಸಿದ ಕನ್ನಡಿಗರೊಬ್ಬರು ವಿಲ್ ಬರೆಯದೆ ತೀರಿಕೊಂಡರು ಅಂದುಕೊಳ್ಳಿ. 2015ರ ಆಗಸ್ಟ್ 17ರಿಂದ ಈಚೆಗೆ ಅಲ್ಲಿನ ಕೋರ್ಟು ಸಾಮಾನ್ಯವಾಗಿ ನೋಡುವುದು ಅವರು ಕೊನೆಗೆ ಎಲ್ಲಿ ನೆಲೆಸಿದ್ದರು ಅನ್ನುವುದನ್ನು, ಪಾಸ್‌ಪೋರ್ಟನ್ನಲ್ಲ. ಭಾರತದ ಕಾನೂನೇ ಬೇಕಿದ್ದರೆ ಅದನ್ನು ಬದುಕಿದ್ದಾಗಲೇ ಬರೆದಿಡಬೇಕಿತ್ತು.

1980ರಲ್ಲಿ ಡಿಗ್ರಿ ಮುಗಿಸಿದ ಜಡ್ಜ್ ಇದನ್ನೆಲ್ಲ ಕಾಲೇಜಿನಲ್ಲಿ ಓದಿರಲು ಸಾಧ್ಯವೇ ಇಲ್ಲ, ಅಲ್ವಾ? ಅದಕ್ಕೇ ತರಬೇತಿ ಬೇಕಾಯಿತು. ಜರ್ಮನಿಯ ಟ್ರಿಯರ್‌ನಲ್ಲಿ 1992ರಲ್ಲಿ ಯುರೋಪಿಯನ್ ಕಾನೂನು ಅಕಾಡೆಮಿ ಹುಟ್ಟಿತು. 2000ದಲ್ಲಿ ದೇಶದೇಶಗಳ ನ್ಯಾಯಾಂಗ ತರಬೇತಿ ಸಂಸ್ಥೆಗಳು ಒಂದು ಜಾಲ ಕಟ್ಟಿಕೊಂಡವು. 2020ರೊಳಗೆ ಕಾನೂನು ವೃತ್ತಿಯವರಲ್ಲಿ ಅರ್ಧದಷ್ಟು, ಅಂದರೆ ಸುಮಾರು 7 ಲಕ್ಷ ಜನರಿಗೆ ತರಬೇತಿ ಕೊಡಬೇಕು ಎಂದು ಯುರೋಪಿಯನ್ ಕಮಿಷನ್ 2011ರಲ್ಲಿ ಗುರಿ ಇಟ್ಟಿತು. ಅವಧಿಗೆ ಮೊದಲೇ ಗುರಿ ಮುಟ್ಟಿತು ಕೂಡ. ಆದರೆ ಅದು ಒಕ್ಕೂಟದ ಎಲ್ಲಾ ಬಗೆಯ ಕಾನೂನು ಸೇರಿಸಿದ ಲೆಕ್ಕ.

ನಿಯಮಾವಳಿ ಒಂದೇ ಆದರೂ ಜಡ್ಜ್‌ಗಳ ರೂಢಿ ಬೇರೆ ಬೇರೆ. ಇವರಿಗೆಲ್ಲ ಒಂದೇ ಕೋಣೆಯಲ್ಲಿ ಪಾಠ ಮಾಡುವುದು ಕಷ್ಟವಾಗುವುದು ಇಲ್ಲೇ. ಐರ್ಲೆಂಡಿನಲ್ಲಿ ಪರದೇಶದ ಕಾನೂನನ್ನು ಸಾಕ್ಷ್ಯದಂತೆ ಕಕ್ಷಿದಾರರೇ ಸಾಬೀತು ಮಾಡಬೇಕು. ಜರ್ಮನಿಯಲ್ಲಿ ಜಡ್ಜೇ ಹುಡುಕಿ ತಿಳಿದುಕೊಳ್ಳಬೇಕು. ತಿಳಿಯದಿದ್ದರೆ ಪರದೇಶದ ಕಾನೂನನ್ನು ಅಧ್ಯಯನ ಮಾಡುವ ಹ್ಯಾಂಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಂಥ ಕಡೆಯಿಂದ ಲಿಖಿತ ಅಭಿಪ್ರಾಯ ತರಿಸಿಕೊಳ್ಳುತ್ತಾರೆ. ಇಷ್ಟಾದರೂ ಅಲ್ಲಿನ ಕಾನೂನು ವಿದ್ಯಾರ್ಥಿಗಳಿಗೆ ಈ ವಿಷಯದ ಆಳವಾದ ಪಾಠ ಸಿಗುವುದು ಬೇಕೆಂದು ಆರಿಸಿಕೊಂಡರೆ ಮಾತ್ರ. ಆರಿಸಿಕೊಳ್ಳದವರೂ ನಾಳೆ ಜಡ್ಜ್ ಆಗುತ್ತಾರೆ.