ಬಿರುಕಿಗೆ ತಾರೀಕು ಬರೆದಿಡಿ

2024ರ ಜುಲೈ 16ರಂದು ಶಿರೂರಿನ ಗುಡ್ಡ ಹೆದ್ದಾರಿಯನ್ನೂ ದಾಟಿ ಗಂಗಾವಳಿಗೆ ಇಳಿದ ಮೇಲೆ, ಮಳೆ ಜೋರಾದಾಗಲೆಲ್ಲ ಅಂಕೋಲಾ, ಕುಮಟಾ ಕಡೆಯ ನೆಂಟರು ಮನೆ ಹಿಂದೆ ಗುಡ್ಡ ಕಡಿದ ಧರೆಯ ಫೋಟೊ ಕಳಿಸುತ್ತಾರೆ. 'ನೀ ಗಣಿಯಲ್ಲಿ ಕಲ್ಲು ಅಳೆಯುವವ, ಇದು ಬೀಳ್ತದೋ ಇಲ್ವೋ ಹೇಳು.' ನನ್ನ ಮರುಪ್ರಶ್ನೆ ಒಂದೇ: ಬಿರುಕು ನಿನ್ನೆ ಎಷ್ಟಿತ್ತು?

ನೆಲದಡಿ ಮೊದಲ ಪರೀಕ್ಷೆ ಕಿವಿಯದ್ದು. ಬ್ಲಾಸ್ಟಿಂಗಿನ ಹೊಗೆ ಹೋದ ಮೇಲೆ ಉದ್ದನೆಯ ಬಾರಿನಿಂದ ಸುರಂಗದ ಮಾಡು, ಅಂದರೆ ಚಾವಣಿ, ಕುಟ್ಟುತ್ತೇವೆ. 'ಠಣ್' ಎಂದರೆ ಗಟ್ಟಿ. 'ದೊಬ್' ಎಂದರೆ ಒಳಗೆ ಪದರ ಬಿಟ್ಟಿದೆ, ಕೆಡವಲೇಬೇಕು. ಶಿರಸಿಯಲ್ಲಿ ನಮ್ಮಜ್ಜಿ ಹಲಸಿನಕಾಯಿ ತಟ್ಟಿ ನೋಡುತ್ತಿದ್ದುದೂ ಹೀಗೆಯೇ.

ನಿಧಾನದ ಸರಿದಾಟ ಮಾತ್ರ ಕಿವಿಗೆ ಸಿಗದು. ನೂರು ಮೀಟರ್ ಆಳಕ್ಕಿಳಿದರೆ ಒಂದೊಂದು ಚದರ ಮೀಟರಿನ ಮೇಲೂ ಸುಮಾರು 270 ಟನ್ ಭಾರ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಅಲ್ಲಿ ಕೊರೆದ ದಾರಿ ಒಳಕ್ಕೆ ಒತ್ತಿಕೊಳ್ಳುವುದು ಸಹಜ. ಎದುರುಬದುರು ಗೋಡೆಗೆ ಕೊಕ್ಕೆ ಹುಗಿದು, ಸ್ಟೀಲ್ ಟೇಪನ್ನು ಪ್ರತಿಸಲವೂ ಅಷ್ಟೇ ಬಿಗಿತಕ್ಕೆ ಎಳೆದು ಅಳೆಯುತ್ತೇವೆ. ಇದಕ್ಕೆ ಟೇಪ್ ಎಕ್ಸ್‌ಟೆನ್ಸೋಮೀಟರ್ ಎನ್ನುತ್ತಾರೆ. ಇಪ್ಪತ್ತು ಮಿಲಿಮೀಟರ್ ಸರಿದು ನಿಂತ ಗೋಡೆಯ ಪಕ್ಕ ನಾನು ಕೂತು ಊಟ ಮಾಡಿದ್ದೇನೆ. ನಿನ್ನೆ ಅರ್ಧ, ಇಂದು ಒಂದು, ನಾಳೆ ಎರಡು ಎನ್ನುವ ಗೋಡೆಯಿದ್ದರೆ ಆಚೆ ಓಡುತ್ತೇನೆ.

ಎಡವುವುದು ಮೊದಲ ರೀಡಿಂಗಿನಲ್ಲಿ. ಕೊರೆಯುವ ಮುಖದಲ್ಲಿ, ಅಂದರೆ ಸುರಂಗದ ಮುಂದಿನ ತುದಿಯಲ್ಲಿ, ನಾವು ಕೊಕ್ಕೆ ಹುಗಿಯುವ ಮೊದಲೇ ಒಟ್ಟು ಸರಿದಾಟದ ಸುಮಾರು ಮೂರನೇ ಒಂದು ಭಾಗ ಮುಗಿದಿರುತ್ತದೆ. ಮುಖ ಸುರಂಗದ ಅಗಲದ ಎರಡರಷ್ಟು ಮುಂದೆ ಹೋಗುವ ಹೊತ್ತಿಗೆ ಉಳಿದದ್ದೂ ಬಹುಪಾಲು ಆಗಿಹೋಗಿರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ, ಕಲ್ಲು ತುಂಬುವ ಯಂತ್ರ ತಾಗಿ ನಮ್ಮ ಕೊಕ್ಕೆ ಮುರಿಯಿತು. ವಾರ ಬಿಟ್ಟು ಹೊಸದು ಹುಗಿದು, ಅಲ್ಲಿಯವರೆಗಿನ ಸರಿದಾಟ ಕೂಡಿಸದೆ ಮತ್ತೆ ಸೊನ್ನೆಯಿಂದ ಬರೆದೆವು. ಗ್ರಾಫು ಚಾಪೆ ಹಾಸಿದಂತೆ ಮಲಗಿತ್ತು, ನಮಗೂ ಖುಷಿ. ಮುಂದಿನ ತಿಂಗಳು ಅಲ್ಲೇ ಮಾಡಿನ ಹಾಸು ಬಿತ್ತು. ಪುಣ್ಯ, ಶಿಫ್ಟ್ ಬದಲಾಗುವ ಹೊತ್ತು. ಕೆಳಗೆ ಯಾರೂ ಇರಲಿಲ್ಲ.

ಕರಾವಳಿಯ ಧರೆಯ ಲೆಕ್ಕ ಬೇರೆ. ಮೇಲೆ ಚಿರೇಕಲ್ಲು, ಅದರಡಿ ನೀರು ಕುಡಿದರೆ ಜಾರುವ ಶೇಡಿಮಣ್ಣು. ಆದರೂ ಅಳತೆ ಅದೇ: ಬಿರುಕಿನ ಆಚೀಚೆ ಎರಡು ಗೂಟ, ದಿನವೂ ಒಂದೇ ಹೊತ್ತಿಗೆ ಟೇಪು, ಪಕ್ಕದಲ್ಲಿ ತಾರೀಕು ಮತ್ತು ಮಳೆ. ದಿನೇ ದಿನೇ ಅಗಲವಾಗುತ್ತಿದ್ದರೆ, ಕೆಳಗಿನಿಂದ ಕೆಸರುನೀರು ಬಂದರೆ, ಟೇಪು ಬಿಟ್ಟು ಮನೆ ಖಾಲಿ ಮಾಡಿ.

ಹೋದ ಮಳೆಗಾಲ ಫೋಟೊ ಕಳಿಸಿದ ಭಾವನ ಮನೆಗೆ ಗೂಟ ಹಿಡಿದೇ ಹೋದೆ. ಬಿರುಕಿಗೆ ಆಗಲೇ ಸಿಮೆಂಟು ಮೆತ್ತಿ, ಮೇಲೆ ಸುಣ್ಣವನ್ನೂ ಬಳಿದಿದ್ದರು.