ಮಿಷಿಗನ್‌ನಲ್ಲಿ ಕಂಪ್ಯೂಟರ್ ಹೊರಿಸಿದ ಸಾಲ: ನಿರುದ್ಯೋಗ ಭತ್ಯೆ ವಾಪಸ್ ಕೇಳಿದ ಕಥೆ

ಅಮೆರಿಕದಲ್ಲಿ ಕೆಲಸ ಕಳ್ಕೊಂಡವ್ರಿಗೆ ಸ್ವಲ್ಪ ಕಾಲ ವಾರಕ್ಕಿಷ್ಟು ಅಂತ ಭತ್ಯೆ ಸಿಗುತ್ತೆ, 1935ರ ಸೋಷಿಯಲ್ ಸೆಕ್ಯುರಿಟಿ ಕಾಯ್ದೆಯಿಂದ ಬಂದ ವ್ಯವಸ್ಥೆ, ನಡೆಸೋದು ಆಯಾ ರಾಜ್ಯಗಳು, ಮುಖ್ಯವಾಗಿ ಕಂಪನಿಗಳು ಕಟ್ಟೋ ಟ್ಯಾಕ್ಸಿಂದ. ಬಾಡಿಗೆ ಕಟ್ಬೇಕಾದವ್ರು ತಿಂಗಳುಗಟ್ಟಲೆ ಕಾಯೋಕಾಗಲ್ಲ ಅಂತ ಬೇಗ ಕೊಡ್ಬೇಕು ಅನ್ನೋದೇ ಇದರ ಉದ್ದೇಶ. 1971ರಲ್ಲಿ ಜಾವಾ ಅನ್ನೋ ಹೆಸರಿನ ಕೇಸಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ, ಅರ್ಹ ಅಂತ ತೀರ್ಮಾನ ಆದ್ಮೇಲೆ ಕಂಪನಿ ಅಪೀಲ್ ಹಾಕಿದೆ ಅಂತ ಹಣ ತಡೀಬೇಡಿ ಅಂತು. ಬೇಗ ಕೊಟ್ರೆ ಕೆಲವ್ರಿಗೆ ಜಾಸ್ತಿ ಹೋಗೇ ಹೋಗುತ್ತೆ, ಅದನ್ನ ವಾಪಸ್ ಕೇಳೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಯಾರ್ ತಪ್ಪು ಅಂತ ನೋಡದೇ ಕೇಳಿದ್ರೆ ಏನಾಗುತ್ತೆ ಅನ್ನೋದಕ್ಕೆ ಮಿಷಿಗನ್ ನೋಡ್ಬೇಕು.

2013ರ ಅಕ್ಟೋಬರ್‌ನಲ್ಲಿ ಆ ರಾಜ್ಯ ಮಿಡಾಸ್ ಅನ್ನೋ ಕಂಪ್ಯೂಟರ್ ಸಿಸ್ಟಮ್ ತಂತು, ಖರ್ಚು ಸುಮಾರು 4.7 ಕೋಟಿ ಡಾಲರ್, ಜೊತೆಗೇ ಭತ್ಯೆ ನೋಡ್ಕೊಳ್ಳೋ ಏಜೆನ್ಸಿಯ ಸಿಬ್ಬಂದಿನೂ ಕಡಿಮೆ ಮಾಡಿದ್ರು. ಇದು ಮೋಸ ಹಿಡೀತಿದ್ದ ರೀತಿ ಕೇಳಿ. ಕಂಪನಿಗಳು ಸಂಬಳದ ಲೆಕ್ಕ ಕೊಡೋದು ಮೂರು ತಿಂಗಳಿಗೊಂದ್ಸಲ, ಒಟ್ಟು ಮೊತ್ತ. ಸಿಸ್ಟಮ್ ಆ ಮೊತ್ತನ 13 ವಾರಕ್ಕೆ ಸಮವಾಗಿ ಹಂಚಿಬಿಡ್ತಿತ್ತು. ಈಗ ಒಬ್ರು ಜನವರಿ ಪೂರ್ತಿ ದುಡಿದು ಫೆಬ್ರವರಿಲಿ ಕೆಲಸ ಹೋಗಿ ಭತ್ಯೆ ತಗೊಂಡ್ರೆ, ಜನವರಿ ಸಂಬಳದ ಒಂದು ಪಾಲು ಮಾರ್ಚ್‌ನಲ್ಲೂ ಕಾಣುತ್ತೆ, ಅಂದ್ರೆ ಸಂಬಳನೂ ತಗೊಂಡು ಭತ್ಯೆನೂ ತಗೊಂಡ ಕಳ್ಳ! ಆಮೇಲೆ ಬೇಕಂತಲೇ ಸುಳ್ಳು ಹೇಳಿದ್ರಾ ಅನ್ನೋ ಥರದ ಪ್ರಶ್ನೆಗಳು ಆನ್‌ಲೈನ್ ಅಕೌಂಟ್‌ಗೆ ಹೋಗ್ತಿತ್ತು, 10 ದಿನದಲ್ಲಿ ಉತ್ತರ ಕೊಡ್ಬೇಕು. ಭತ್ಯೆ ನಿಂತು ವರ್ಷ ಆದ್ಮೇಲೆ ಆ ಅಕೌಂಟ್ ಯಾರ್ ತೆಗೆದು ನೋಡ್ತಾರೆ? ಉತ್ತರ ಬರ್ಲಿಲ್ವಾ, ಫ್ರಾಡ್ ಅಂತ ಮುದ್ರೆ. ಎಷ್ಟೋ ಕೇಸಲ್ಲಿ ಒಬ್ಬ ಮನುಷ್ಯನೂ ಫೈಲ್ ನೋಡಿರ್ಲಿಲ್ಲ.

ಅಸಲಿನ ಜೊತೆ ನಾಲ್ಕು ಪಟ್ಟು ದಂಡ ಹಾಕ್ತಿದ್ರು, ಅಂದ್ರೆ 3,000 ಡಾಲರ್‌ಗೆ 12,000 ದಂಡ ಸೇರಿ 15,000, ಮೇಲೆ ವರ್ಷಕ್ಕೆ 12% ಬಡ್ಡಿ. ಕಟ್ಟದೇ ಇದ್ರೆ ಸಂಬಳದಲ್ಲಿ ಕಟ್, ಟ್ಯಾಕ್ಸ್ ರೀಫಂಡ್ ಜಪ್ತಿ. ತುಂಬಾ ಜನಕ್ಕೆ ತಾವು ಸಾಲಗಾರರು ಅಂತ ಗೊತ್ತಾಗಿದ್ದೇ ರೀಫಂಡ್ ಬರದೇ ಇದ್ದಾಗ, ಕೆಲವ್ರು ದಿವಾಳಿ ಅರ್ಜಿನೂ ಹಾಕ್ಕೊಂಡ್ರು.

2015ರ ತನಕ ಇದೇ ನಡೀತು, ಸುಮಾರು 40,000 ಜನರ ಮೇಲೆ ಆರೋಪ. ಆಮೇಲೆ ಕಂಪ್ಯೂಟರ್ ಒಂದೇ ತೀರ್ಮಾನಿಸಿದ 22,000ಕ್ಕೂ ಹೆಚ್ಚು ಕೇಸ್ ರಾಜ್ಯನೇ ಮತ್ತೆ ತೆಗೆದು ನೋಡಿದ್ರೆ 93% ತಪ್ಪು. ದುಡ್ಡು ವಾಪಸ್ ಮಾಡಿದ್ರು, 2017ರಲ್ಲಿ ದಂಡನೂ ಇಳಿಸಿದ್ರು. ಆದ್ರೆ ಆದ ನಷ್ಟಕ್ಕೆ ಪರಿಹಾರ? ಆರೋಪ ಹೊತ್ತವ್ರ ಪರವಾಗಿ ಬೌಸರ್‌ಮನ್ ಹೆಸರಿನ ಕೇಸ್ 2015ರಲ್ಲಿ ಹಾಕಿದ್ದು, ಅವ್ರು ಪರಿಹಾರ ಕೇಳಬಹುದು ಅಂತ ರಾಜ್ಯದ ಸುಪ್ರೀಂ ಕೋರ್ಟ್ ಹೇಳೋಕೆ 2022 ಬರ್ಬೇಕಾಯ್ತು, ಆಮೇಲೆ 2 ಕೋಟಿ ಡಾಲರ್‌ಗೆ ರಾಜಿ.

ನಮ್ಮಲ್ಲೂ ಇಂಥ ಪ್ರಶ್ನೆ ಬಂದಿತ್ತು ನೋಡಿ, ಸರ್ಕಾರಿ ನೌಕರರಿಗೆ ಇಲಾಖೆ ತಪ್ಪಿಂದ ಜಾಸ್ತಿ ಸಂಬಳ ಹೋದಾಗ ಏನ್ಮಾಡೋದು ಅಂತ. 2014ರ ರಫೀಕ್ ಮಸೀಹ್ ಕೇಸಲ್ಲಿ ನಮ್ಮ ಸುಪ್ರೀಂ ಕೋರ್ಟ್, ನಿವೃತ್ತರಿಂದ, ಸಿ ಮತ್ತು ಡಿ ದರ್ಜೆಯವರಿಂದ ವಸೂಲಿ ಮಾಡೋ ಹಾಗಿಲ್ಲ ಅಂತು. ನಂಗೆ ಈ ದಾರಿನೇ ಸರಿ ಅನ್ಸುತ್ತೆ, ಕೊಟ್ಟವ್ರ ತಪ್ಪಿಗೆ ತಿಂದವ್ರ ಹೊಟ್ಟೆ ಬಗೆಯೋದು ಯಾವ ನ್ಯಾಯ.

ಕೋವಿಡ್ ಬಂದಾಗ ಮಿಷಿಗನ್‌ನಲ್ಲಿ ಮತ್ತೆ ಅದೇ ರಾಗ. ತರಾತುರಿಲಿ ಮಾಡಿದ ಕೋವಿಡ್ ಭತ್ಯೆಯ ಅರ್ಜಿಲಿ ಅಮೆರಿಕದ ಕೇಂದ್ರ ಸರ್ಕಾರ ಒಪ್ಪದ ಕಾರಣಗಳನ್ನ ರಾಜ್ಯನೇ ಸೇರಿಸಿತ್ತು, ಜನ ಅದಕ್ಕೆ ಟಿಕ್ ಹಾಕಿ ದುಡ್ಡು ತಗೊಂಡ್ರು, 2021ರಲ್ಲಿ ಲಕ್ಷಾಂತರ ಜನಕ್ಕೆ ಅರ್ಹತೆ ಮತ್ತೆ ತೋರ್ಸಿ ಅಂತ ಪತ್ರ ಹೋಯ್ತು. ಈ ಸಲ ಒಂದು ವ್ಯತ್ಯಾಸ, 2020ರ ಡಿಸೆಂಬರ್‌ನ ಕಾನೂನು ತಪ್ಪಿಲ್ಲದವ್ರ ಸಾಲ ಮನ್ನಾ ಮಾಡೋಕೆ ದಾರಿ ಕೊಟ್ಟಿತ್ತು, ಹಾಗಾಗಿ ದೊಡ್ಡ ಪ್ರಮಾಣದಲ್ಲಿ ಮನ್ನಾ ಆಯ್ತು.

ಡೆಟ್ರಾಯ್ಟ್ ಕಡೆ ಇರೋ ನಮ್ಮೋರಿಗೆ ಇಂಥ ಪತ್ರ ಬಂದ್ರೆ ಫ್ರಾಡ್ ಅಂತ ಬರ್ದಿದ್ಯಾ ಇಲ್ವಾ ಮೊದ್ಲು ನೋಡ್ಕೊಳ್ಳಿ, ಎರಡಕ್ಕೂ ದಾರಿ ಬೇರೆ. ತೀರ್ಮಾನ ಒಪ್ಪಿಗೆ ಇಲ್ದಿದ್ರೆ ಅಪೀಲ್‌ಗೆ ಅಲ್ಲಿ 30 ದಿನ ಇರುತ್ತೆ. ಮನ್ನಾಗೆ ಬೇರೆ ಅರ್ಜಿ, ಅದನ್ನ ಹಾಕಿದ್ರೆ ಅಪೀಲ್ ಹಾಕಿದ ಹಾಗೆ ಆಗಲ್ಲ.