ಗೋಳಗುಮ್ಮಟದಲ್ಲಿ ಸ್ಕ್ಯಾನರ್‌ಗೆ ಕಾಣದ ಆರು ಮೀಟರ್

ಲೇಸರ್ ಸ್ಕ್ಯಾನರ್ ಬಂದ ಮೇಲೆ ಕಟ್ಟಡ ಅಳೆಯುವುದು ಗುಂಡಿ ಒತ್ತುವಷ್ಟು ಸುಲಭ ಎಂದುಕೊಂಡ ಹೊಸ ಆರ್ಕಿಟೆಕ್ಟ್‌ಗಳು ವಿಜಯಪುರದ ಗೋಳಗುಮ್ಮಟದೊಳಗೆ ಒಮ್ಮೆ ಮುಕ್ಕಾಲಿ ನಿಲ್ಲಿಸಬೇಕು. (ಪುರಾತತ್ವ ಇಲಾಖೆಯ ಅನುಮತಿ ಪಡೆದೇ!)

ಯಂತ್ರ ಮಾಡುವುದು ಒಂದೇ ಕೆಲಸ. ಸುತ್ತ ತಿರುಗುತ್ತ ಬೆಳಕು ಎಸೆದು, ಅದು ಮರಳಿದ್ದನ್ನು ನೋಡಿ ದೂರ ಲೆಕ್ಕ ಹಾಕುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿಗೆ (ಸೆಕೆಂಡಿನ ನೂರು ಕೋಟಿಯ ಒಂದು ಭಾಗ) 30 ಸೆಂ.ಮೀ. ಓಡುತ್ತದೆ; ಅದಕ್ಕಿಂತಲೂ ಬಹಳ ಸೂಕ್ಷ್ಮವಾಗಿ ಕಾಲ ಅಳೆಯುವುದರಿಂದ ಮಿಲಿಮೀಟರ್ ನಿಖರತೆ ಸಾಧ್ಯ. ಆದರೆ ಬೆಳಕು ತಾಗದ ಕಡೆ ಅಳತೆಯೂ ಇಲ್ಲ.

1656ರ ಹೊತ್ತಿಗೆ ಮುಗಿದ ಈ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅದರ ಕೆಳಗೆ, ಒಂದನ್ನೊಂದು ಹಾಯುವ ಕಮಾನುಗಳು ಒಳಕ್ಕೆ ಚಾಚಿ ಬಾಯಿಯನ್ನು 30 ಮೀಟರಿಗೆ ಇಳಿಸುತ್ತವೆ. ಆ ಚಾಚಿನ ಮೇಲಿರುವುದೇ ಪಿಸುಮಾತಿನ ಗ್ಯಾಲರಿ, ನೆಲದಿಂದ ಸುಮಾರು 33 ಮೀಟರ್ ಮೇಲೆ. ಈಗ ನೆಲದ ನಟ್ಟನಡುವೆ ಸ್ಕ್ಯಾನರ್ ಇಟ್ಟು ಲೆಕ್ಕ ಹಾಕಿ: ಗ್ಯಾಲರಿಯ ಅಂಚು ಅಡ್ಡ ಬಂದು, ಗುಮ್ಮಟದ ಬುಡದ ಸುಮಾರು 6 ಮೀಟರ್ ಎತ್ತರ ಮರೆಯಾಗುತ್ತದೆ. ಒಂದು ಗೋಡೆಗೆ ಸರಿದು ಎದುರು ಬದಿ ನೋಡಿದರೂ ಸುಮಾರು ಮೂರೂವರೆ ಮೀಟರ್ ಮರೆಯಲ್ಲೇ ಉಳಿಯುತ್ತದೆ.

ಅಳತೆಗಳಿಂದ ಮೂರು ಆಯಾಮದ ಮಾದರಿ ಕಟ್ಟುವ ಸಾಫ್ಟ್‌ವೇರ್ ಆ ಖಾಲಿಯನ್ನು ನುಣ್ಣಗೆ ತುಂಬಿಕೊಡುತ್ತದೆ. ಅಲ್ಲೇ ಅಪಾಯ. ಅರೆಗೋಳದ ಗುಮ್ಮಟದಲ್ಲಿ ನೆತ್ತಿಯಿಂದ ಸುಮಾರು 52 ಡಿಗ್ರಿ ಕೆಳಗಿಳಿದ ಮೇಲೆ ಸುತ್ತಳತೆಯ ದಿಕ್ಕಿನಲ್ಲಿ ಎಳೆತ ಹುಟ್ಟುತ್ತದೆ. ಗಾರೆಗೆ ಎಳೆತ ತಡೆಯುವ ಶಕ್ತಿ ಕಡಿಮೆ, ಹಾಗಾಗಿ ನೆಟ್ಟಗಿನ ಬಿರುಕುಗಳನ್ನು ಹುಡುಕಬೇಕಾದದ್ದು ಬುಡದಲ್ಲೇ. ಮಾದರಿ ಕಣ್ಣಿಗೆ ಚೆಂದ, ನೋಡಬೇಕಾದ ಜಾಗವೇ ಅದರಲ್ಲಿಲ್ಲ.

ಆದ್ದರಿಂದ ಮೇಲೆ ಹತ್ತಲೇಬೇಕು. ಮೂಲೆಯ ಮಿನಾರುಗಳೊಳಗಿನ ಇಕ್ಕಟ್ಟಿನ ಮೆಟ್ಟಿಲುಗಳೇ ದಾರಿ, ತಪ್ಪು ನುಸುಳುವುದೂ ಅಲ್ಲೇ. ಸ್ಕ್ಯಾನುಗಳನ್ನು ಒಂದಕ್ಕೊಂದು ಜೋಡಿಸಲು, ಒಂದು ಸ್ಕ್ಯಾನಿನಲ್ಲಿ ಕಂಡದ್ದರ ಮೂರನೇ ಒಂದು ಭಾಗವಾದರೂ ಮುಂದಿನದರಲ್ಲಿ ಕಾಣಬೇಕು; ತಿರುವಿನಲ್ಲಿ ಅಷ್ಟು ಸಿಗದು. ಪ್ರತಿ ಜೋಡಣೆಯ ಸಣ್ಣ ವ್ಯತ್ಯಾಸ ಸೇರುತ್ತ ಹೋಗಿ, ಮೇಲೆ ಮುಟ್ಟುವಷ್ಟರಲ್ಲಿ ಮಾದರಿಯಲ್ಲಿ ಗುಮ್ಮಟ ಕೆಳಗಿನ ಕಟ್ಟಡದ ಮೇಲೆ ಓರೆಯಾಗಿ ಕೂರುತ್ತದೆ. ಮದ್ದು ಇಷ್ಟು: ಗ್ಯಾಲರಿಯ ಅಂಚಿಗೆ ಕನಿಷ್ಠ ನಾಲ್ಕು ಚೌಕುಳಿ ಗುರುತುಗಳನ್ನು, ಒಂದೇ ಸಾಲಿನಲ್ಲಿ ಬಾರದಂತೆ, ಕೆಳಗೂ ಮೇಲೂ ಕಾಣುವ ಹಾಗೆ ನಿಲ್ಲಿಸಿ. ಗೋಡೆಗೆ ಅಂಟು ಬೇಡ. ನೆಲದಿಂದ ಟೋಟಲ್ ಸ್ಟೇಷನ್ನಿನಲ್ಲಿ (ಕೋನ, ದೂರ ಎರಡನ್ನೂ ಅಳೆಯುವ ಸರ್ವೆ ಉಪಕರಣ) ಅವುಗಳ ಸ್ಥಾನ ಅಳೆದು, ಮೇಲಿನ ಸ್ಕ್ಯಾನುಗಳನ್ನು ನೇರ ಅವಕ್ಕೇ ಕೂರಿಸಿ. ಮೆಟ್ಟಿಲಿನ ಸ್ಕ್ಯಾನುಗಳು ಮೆಟ್ಟಿಲಿನ ನಕ್ಷೆಗೆ ಸಾಕು.

ಗ್ಯಾಲರಿಯಲ್ಲಿ ಕೂಗಿ ನೋಡುವ ಪ್ರವಾಸಿಗರಿಂದ ಅಳತೆಗೆ ತೊಂದರೆಯಿಲ್ಲ, ಓಡಾಡಿದರೆ ಇದೆ: ದಾಟಿದವರೆಲ್ಲ ಮಾದರಿಯಲ್ಲಿ ಹರಿದ ನೆರಳಾಗಿ ಉಳಿಯುತ್ತಾರೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮೇಲಿನ ಸುತ್ತು ಮುಗಿಸಿ, ಆಮೇಲೆ ಕೆಳಗಿಳಿಯಿರಿ.